ಮೊದಲು ಉಸಿರು, ಆಮೇಲೆ ಕೈಕಾಲು: ನಾನು ಈಜು ಕಲಿಸುವ ಕ್ರಮ

ಈಜು ಬರುತ್ತದೆ ಎನ್ನುವವರಿಂದ ನಾನು ಮೊದಲು ಐದು ಕೆಲಸ ಮಾಡಿಸುತ್ತೇನೆ. ತಲೆ ಮುಳುಗುವಷ್ಟು ಆಳಕ್ಕೆ ಹಾರಿ ಮೇಲೆ ಬರಬೇಕು, ಒಂದು ನಿಮಿಷ ತೇಲಬೇಕು, ಪೂರ್ತಿ ಒಂದು ಸುತ್ತು ತಿರುಗಿ ದಡ ಗುರುತಿಸಬೇಕು, 25 ಮೀಟರ್ ಈಜಬೇಕು, ಏಣಿ ಹಿಡಿಯದೆ ಹತ್ತಿ ಹೊರಬರಬೇಕು. ಅಮೆರಿಕನ್ ರೆಡ್ ಕ್ರಾಸ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬಹಳ ಜನ ಉಸಿರು ಕಟ್ಟಿ ಹತ್ತು ಮೀಟರ್ ಬಡಿದು ಗೋಡೆ ಹಿಡಿಯುತ್ತಾರೆ. ಗೋಡೆ ಇಲ್ಲದ ಕಡೆ ಆ ಈಜು ಜೀವ ಉಳಿಸುವುದಿಲ್ಲ.

ಹಾಗಾಗಿ ಪಾಠ ಶುರುವಾಗುವುದೇ ಉಸಿರಿನಿಂದ. ಎದೆಮಟ್ಟದ ನೀರಲ್ಲಿ ಗೋಡೆ ಹಿಡಿದು ನಿಂತು, ಬಾಯಿಂದ ಉಸಿರೆಳೆದು, ಮುಖ ಮುಳುಗಿಸಿ, ಮೂಗು ಬಾಯಿಯಿಂದ ನಾಲ್ಕೈದು ಸೆಕೆಂಡು ನಿಧಾನವಾಗಿ ಗುಳ್ಳೆ ಬಿಡಬೇಕು. ಮುಖ ಮೇಲೆತ್ತಿದಾಗ ಒಳಗೆಳೆದುಕೊಳ್ಳುವ ಕೆಲಸವಷ್ಟೇ ಉಳಿದಿರಬೇಕು. ನಿಲ್ಲಿಸದೆ ಇಪ್ಪತ್ತು ಸಲ ಬಂದರೆ ಮುಂದಿನ ಪಾಠ. ನೀರೊಳಗೆ ಉಸಿರು ಹಿಡಿದಿಟ್ಟವರು ಮೇಲೆ ಬಂದ ಅರೆಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಮಾಡಲು ಹೋಗಿ ನೀರು ಕುಡಿಯುತ್ತಾರೆ, ಗಾಬರಿ ಅಲ್ಲಿಂದಲೇ ಶುರು.

ಅಂಗಾತ ತೇಲುವುದಕ್ಕೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ. ಕಿವಿ ನೀರಲ್ಲಿ ಮುಳುಗಬೇಕು, ಗಲ್ಲ ಆಕಾಶದ ಕಡೆ, ಎದೆ ತುಂಬ ಗಾಳಿ. ಕಾಲು ಕೆಳಗೆ ಜಗ್ಗುತ್ತದೆ ಎಂಬ ದೂರು ಎಲ್ಲರದ್ದೂ ಇರುತ್ತದೆ. ಮೇಲೆತ್ತುವ ಗಾಳಿ ಎದೆಯಲ್ಲಿದೆ, ದೇಹದ ತೂಕದ ಮಧ್ಯಬಿಂದು ಸೊಂಟದ ಹತ್ತಿರವಿದೆ, ಅದಕ್ಕೇ ಕಾಲು ಇಳಿಯುತ್ತದೆ. ಎರಡೂ ಕೈಯನ್ನು ನೀರೊಳಗೇ ತಲೆಯ ಆಚೆಗೆ ಚಾಚಿ, ಮಂಡಿ ಸ್ವಲ್ಪ ಮಡಚಿದರೆ ತೂಕ ತಲೆಯ ಕಡೆ ಸರಿದು ಕಾಲು ಏಳುತ್ತದೆ. ಕೆಲವರಿಗೆ, ಮುಖ್ಯವಾಗಿ ತೆಳ್ಳಗಿನ ಗಟ್ಟಿ ಮೈಯವರಿಗೆ, ಆದರೂ ಏಳುವುದಿಲ್ಲ. ಅಂಥವರು ಸೊಂಟದ ಪಕ್ಕದಲ್ಲಿ ಅಂಗೈಯನ್ನು ಒಳಕ್ಕೂ ಹೊರಕ್ಕೂ ಮೆಲ್ಲಗೆ ಆಡಿಸುತ್ತಿದ್ದರೆ ಸಾಕು. ಇಲ್ಲಿ ಆಗುವ ದೊಡ್ಡ ತಪ್ಪು ತಲೆ ಎತ್ತಿ ನೋಡುವುದು. ತಲೆ ನೀರಿನಿಂದ ಹೊರಬಂದಷ್ಟೂ ಉಳಿದ ಮೈ ಕೆಳಗಿಳಿಯುತ್ತದೆ. ಕೈ ಮೇಲೆತ್ತಿ ಬೀಸಿದರೂ ಅದೇ ಕಥೆ.

ತೇಲಿದವರು ಮತ್ತೆ ಕಾಲೂರಿ ನಿಲ್ಲುವುದನ್ನೂ ಕಲಿಸಬೇಕು: ಗಲ್ಲ ಎದೆಗೆ, ಮಂಡಿ ಹೊಟ್ಟೆಗೆ, ಅಂಗೈಯಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ತಳ್ಳುವುದು. ಇದು ಬಾರದ ಮಗು ಸೊಂಟಮಟ್ಟದ ನೀರಲ್ಲೂ ಒದ್ದಾಡುತ್ತದೆ.

ಕೊನೆಯ ಪಾಠ ಬಟ್ಟೆ ತೊಟ್ಟುಕೊಂಡೇ. ಒದ್ದೆ ಪ್ಯಾಂಟ್ ನೀರೊಳಗೆ ಅಷ್ಟೇನೂ ಕೆಳಗೆಳೆಯುವುದಿಲ್ಲ, ಚಲನೆಗೆ ತಡೆಯೊಡ್ಡುತ್ತದೆ. ಅದರ ನಿಜವಾದ ಭಾರ ಗೊತ್ತಾಗುವುದು ದಡ ಹತ್ತುವಾಗ. ಒದೆತದ ಜೋರಿನಿಂದ ಎದೆಯನ್ನು ಅಂಚಿನ ಮೇಲೆ ಚೆಲ್ಲಿ, ಮೊಣಕೈ ಊರಿ, ಆಮೇಲೆ ಒಂದು ಮಂಡಿ ಎಳೆದುಕೊಳ್ಳಬೇಕು. ಉಸಿರು ಕಟ್ಟುವ ಪಂದ್ಯಕ್ಕೆ ಮಾತ್ರ ನನ್ನಲ್ಲಿ ಜಾಗವಿಲ್ಲ. ಜೋರಾಗಿ ಉಸಿರಾಡಿ ಮುಳುಗಿದರೆ ರಕ್ತದ ಇಂಗಾಲದ ಡೈ ಆಕ್ಸೈಡ್ ಇಳಿದು, ಉಸಿರು ಬೇಕೆನಿಸುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಮುಳುಗುವವರು ಕೂಗುತ್ತಾರೆ ಎಂದು ಕಾಯಬೇಡಿ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಇಳಿಯುತ್ತಾ, ಮೈ ನೆಟ್ಟಗೆ, ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಾ ಇರುತ್ತವೆ. ಈ ಲಕ್ಷಣಗಳನ್ನು ಗುರುತಿಸಿದ ಜೀವರಕ್ಷಕ ಫ್ರಾಂಕ್ ಪಿಯಾ ಪ್ರಕಾರ ನೀರ ಮೇಲಿನ ಈ ಒದ್ದಾಟ 20ರಿಂದ 60 ಸೆಕೆಂಡು ಮಾತ್ರ.

ಆಗ ನೀರಿಗೆ ಹಾರುವ ಬದಲು ಏನಾದರೂ ಎಸೆಯಬೇಕು. ಐದು ಲೀಟರಿನ ಖಾಲಿ ಕ್ಯಾನಿಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿದು, ಹಿಡಿಗೆ 15 ಮೀಟರ್ ಹಗ್ಗ ಕಟ್ಟಿಡಿ. ಪೂರ್ತಿ ಖಾಲಿ ಕ್ಯಾನು ಗಾಳಿಗೆ ತೇಲಿ ಎತ್ತಲೋ ಹೋಗುತ್ತದೆ. ಅದನ್ನು ಆ ವ್ಯಕ್ತಿಯ ತಲೆ ದಾಟಿಸಿ ಎಸೆದು, ಹಗ್ಗ ಭುಜಕ್ಕೆ ತಾಕುವಂತೆ ಎಳೆದುಕೊಳ್ಳಬೇಕು. ಎಳೆಯುವವರು ಅಂಚಿನಲ್ಲಿ ಮಲಗಿಬಿಡಬೇಕು, ನಿಂತರೆ ಅವರೂ ಒಳಗೆ.

ಹೊರತಂದವರು ಉಸಿರಾಡುತ್ತಿಲ್ಲವಾದರೆ ಹೊಟ್ಟೆ ಅಮುಕಿ ನೀರು ತೆಗೆಯಲು ಹೋಗಬೇಡಿ. ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಬ್ಬರು ಆಂಬುಲೆನ್ಸ್ ಕರೆಯುವಷ್ಟರಲ್ಲಿ ಇನ್ನೊಬ್ಬರು ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಊದುವುದು, ಆಂಬುಲೆನ್ಸ್ ಬರುವವರೆಗೂ ಇದೇ ಕ್ರಮ. ಬಾಯಲ್ಲಿ ನೊರೆ ಬರುತ್ತಲೇ ಇರುತ್ತದೆ, ಅದನ್ನು ಒರೆಸುತ್ತಾ ಕೂರದೆ ಊದುತ್ತಿರಿ. ಎದ್ದು ಕೂತು ಮಾತಾಡಿದವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ನೀರು ಹೊಕ್ಕ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳಲ್ಲಿ ಬಿಗಡಾಯಿಸಬಹುದು.