ವೇಷದ ಫೋಟೋದಲ್ಲಿ ಮನುಷ್ಯನನ್ನು ಹುಡುಕುವುದು ಹೇಗೆ?

ಕೊಡಗಿನ ವಿರಾಜಪೇಟೆ ಸುತ್ತಿನ ಐನ್‌ಮನೆಗಳ, ಅಂದರೆ ಕೊಡವರ ಮೂಲ ಮನೆಗಳ, ಹಳೇ ಫೋಟೋಗಳಿಗೆ ವಿವರ ಬರೆದುಕೊಡುವುದು ನನಗೆ ಬಹಳ ಇಷ್ಟದ ಕೆಲಸ. ನಮ್ಮ ಫೋಟೋಗಳಲ್ಲಿ ಬಟ್ಟೆಯೇ ಅರ್ಧ ಕತೆ ಹೇಳಿಬಿಡುತ್ತದೆ. ಬಿಳಿ ಕುಪ್ಯ (ಉದ್ದನೆಯ ನಿಲುವಂಗಿ) ತೊಟ್ಟು ಸೊಂಟಕ್ಕೆ ಚೇಲೆ ಎಂಬ ಪಟ್ಟಿ ಕಟ್ಟಿ ನಿಂತಿದ್ದರೆ ಅವನೇ ಮದುಮಗ. ಅದೇ ಕಣ್ಣಿನಿಂದ ಅಮೆರಿಕ, ಕೆನಡಾದ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಬಯಲು ನಾಟಕದ ಫೋಟೋ ನೋಡಿದರೆ ದಾರಿ ತಪ್ಪುತ್ತೀರಿ. ಅಲ್ಲಿ ಮೊದಲು ಬಟ್ಟೆಯನ್ನೇ ಅನುಮಾನಿಸಬೇಕು.

ಸ್ವಲ್ಪ ಹಿನ್ನೆಲೆ ತಿಳಿದಿರಲಿ. ಅಮೆರಿಕದ ಕವಿ ಲಾಂಗ್‌ಫೆಲೋ ಬರೆದ, ಹಯವಾಥಾ ಎಂಬ ನಾಯಕನ ಕಾವ್ಯ ಬಂದದ್ದು 1855ರಲ್ಲಿ. ಅದರ ಕತೆಗಳು ಹೆಚ್ಚಾಗಿ ಒಜಿಬ್ವೆಗಳವು. ಒಜಿಬ್ವೆ ಎಂದರೆ ಅನಿಶಿನಾಬೆ ಜನರಲ್ಲೇ ಒಂದು ಗುಂಪು. 1900ರ ಸುಮಾರಿಗೆ ಕೆನಡಾದ ಒಂಟಾರಿಯೋದ ಡೆಸ್‌ಬರಾಟ್ಸ್‌ನಲ್ಲಿ ಗಾರ್ಡನ್ ರಿವರ್ ಊರಿನ ಒಜಿಬ್ವೆಗಳು ಇದನ್ನು ನಾಟಕವಾಗಿ ನೀರಿನ ದಡದಲ್ಲಿ ಆಡತೊಡಗಿದರು. ಆಮೇಲೆ ಅಮೆರಿಕದ ಮಿಶಿಗನ್‌ನ ಪೆಟೋಸ್ಕಿಯಲ್ಲೂ ಆಟ ನಡೆಯಿತು. ಪ್ರವಾಸಿಗರಿಗೆಂದು ಮಾಡಿದ ಆಟ ನಿಜ. ಆದರೆ ಡೆಸ್‌ಬರಾಟ್ಸ್‌ನಲ್ಲಿ ಅವರು ಆಡಿದ್ದು, ಹಾಡಿದ್ದು ತಮ್ಮ ಭಾಷೆಯಲ್ಲೇ. ಅದೇ ಕಾಲದಲ್ಲಿ ಮೂಲನಿವಾಸಿ ಮಕ್ಕಳಿಗೆಂದು ಇದ್ದ ವಸತಿ ಶಾಲೆಗಳು ಅವರ ಬಾಯಿಂದ ಆ ಭಾಷೆಯನ್ನು ಬಿಡಿಸುತ್ತಿದ್ದವು. ಇದು ಗೊತ್ತಿದ್ದು ಆ ಮುಖಗಳನ್ನು ನೋಡಿ.

ಫೋಟೋದ ದೊಡ್ಡ ಫೈಲನ್ನೇ ಇಳಿಸಿಕೊಳ್ಳಿ. ಚಿಕ್ಕದರಲ್ಲಿ ಏನೂ ಕಾಣುವುದಿಲ್ಲ. ಮೊದಲು ತಲೆ ನೋಡಿ. ಬೆನ್ನಿನವರೆಗೆ ಇಳಿಬಿದ್ದ ಗರಿಯ ಕಿರೀಟ ಹುಲ್ಲುಬಯಲಿನ ಬೇರೆ ಜನರದು, ನೋಡಲು ಬಂದವರ ನಿರೀಕ್ಷೆಗೆ ತೊಡಿಸಿದ್ದು. ಬರ್ಚ್ ಮರದ ತೊಗಟೆಯ ದೋಣಿ, ತೊಗಟೆ ಹೊದಿಸಿದ ಗುಡಿಸಲು ಕಂಡರೆ ಅವು ಒಜಿಬ್ವೆಗಳ ಸ್ವಂತದ್ದು. ಒಂದೇ ಚಿತ್ರದಲ್ಲಿ ಎರಡೂ ಇರಬಹುದು. ಆಮೇಲೆ ಅಂಚುಗಳಿಗೆ ಹೋಗಿ. ಮರದ ವೇದಿಕೆಯ ತುದಿ, ಬೆಂಚು, ಹ್ಯಾಟು ಹಾಕಿದ ಪ್ರೇಕ್ಷಕ ಸಿಕ್ಕರೆ ಅದು ನಾಟಕ, ದಿನನಿತ್ಯದ ಬದುಕಲ್ಲ.

ಪೋಸ್ಟ್‌ಕಾರ್ಡ್ ಆಗಿದ್ದರೆ ತಿರುಗಿಸಿ ನೋಡಿ. 1907ರ ಮಾರ್ಚ್‌ಗೆ ಮೊದಲು ಅಮೆರಿಕದಲ್ಲಿ ಹಿಂಬದಿ ವಿಳಾಸಕ್ಕೆ ಮಾತ್ರ. ಅದಕ್ಕೇ ಆ ಕಾಲದ ಕಾರ್ಡುಗಳಲ್ಲಿ ಕ್ಷೇಮ ಸಮಾಚಾರವನ್ನೆಲ್ಲ ಚಿತ್ರದ ಮೇಲೇ, ನಟನ ಕಾಲ ಬಳಿ ಇಕ್ಕಟ್ಟಾಗಿ ಗೀಚಿರುತ್ತಾರೆ. ಹಿಂಬದಿಯಲ್ಲಿ ನಡುವೆ ಗೆರೆ ಇದ್ದರೆ ಸಾಮಾನ್ಯವಾಗಿ ಆಮೇಲಿನದು. ಕೆನಡಾದಲ್ಲಿ ಈ ಗೆರೆ ಇನ್ನೂ ಮೊದಲೇ ಬಂದಿತ್ತು, ಹಾಗಾಗಿ ಅಂಚೆಚೀಟಿ ಯಾವ ದೇಶದ್ದು ಅಂತಲೂ ನೋಡಿಕೊಳ್ಳಿ.

ವಿವರ ಬರೆಯುವಾಗ ಪಾತ್ರ ಬೇರೆ, ಮನುಷ್ಯ ಬೇರೆ. ಕಾರ್ಡಿನಲ್ಲಿ ಹಯವಾಥಾ ಅಂತ ಅಚ್ಚಾಗಿದೆ ಅಂತ ಸುಮ್ನೆ ಹಾಗೇ ಇಳಿಸಬೇಡಿ. ‘ಹಯವಾಥಾ ಪಾತ್ರದಲ್ಲಿ ಒಜಿಬ್ವೆ ನಟ, ಹೆಸರು ಸಿಕ್ಕಿಲ್ಲ’ ಅಂತ ಬರೆಯಿರಿ. ಆ ಖಾಲಿ ಜಾಗ ಕಂಡರೆ ತಾನೇ ಅವರ ಮೊಮ್ಮಕ್ಕಳು ಯಾರಾದರೂ ಹೆಸರು ತುಂಬುವುದು? ರೆಡ್ ಇಂಡಿಯನ್ ಅನ್ನುವುದನ್ನು ಪೂರ್ತಿ ಬಿಡಿ.

ನಮ್ಮಲ್ಲೂ ಇದೇ ಕೆಲಸ ಬಾಕಿ ಇದೆ, ಅಲ್ವಾ? ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನ ಎಷ್ಟೋ ಫೋಟೋಗಳ ಕೆಳಗೆ ‘ಕೊಡವ ನೃತ್ಯ’ ಅಂತಷ್ಟೇ ಇರುತ್ತದೆ. ಮಳೆಗಾಲ ಹಿಡಿದು ಬೂಷ್ಟು ಬರುವ ಮೊದಲೇ ಅಜ್ಜಿಯಂದಿರ ಮುಂದೆ ಇಟ್ಟು ಕೇಳಿ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಮನೆತನ, ತವರು ಬರೆದುಕೊಳ್ಳಿ. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಪೆನ್ನಿನ ಶಾಯಿ ನಮ್ಮ ಥಂಡಿಗೆ ಮುಂದಕ್ಕೂ ಇಳಿಯುತ್ತದೆ.