ಘಟ್ಟದ ಚಳಿಗೊಂದು, ಕಾರವಾರದ ಸೆಕೆಗೊಂದು

ಹೆಣಿಗೆಯ ವಿಡಿಯೋಗಳಲ್ಲಿ ಕಾಣುವ ದಪ್ಪ ದಪ್ಪ ಸ್ವೆಟರುಗಳೆಲ್ಲ ಹಿಮ ಬೀಳುವ ಊರಿನವು. ಶಿರಸಿಯ ಚಳಿ ಹಾಗಲ್ಲ. ರಾತ್ರಿ ಬಂದು, ಬೆಳಿಗ್ಗೆ ತೋಟದಲ್ಲಿ ಇಬ್ಬನಿ ತೊಟ್ಟಿಕ್ಕುವಷ್ಟು ಹೊತ್ತು ಇದ್ದು, ಅಂಗಳಕ್ಕೆ ಬಿಸಿಲು ಬಿದ್ದ ಕೂಡಲೇ ಹೊರಟುಹೋಗುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟಿದಿರೋ, ಉಲ್ಲನ್ನಿನ ಮಾತೇ ಬೇಡ. ಡಿಸೆಂಬರ್ ರಜೆಯಲ್ಲಿ ಮನೆಮಂದಿಗೆ ಏನಾದರೂ ಹೆಣೆದು ಕೊಡುವ ರೂಢಿ ನನ್ನದು. ಡಿಸೈನು ಹುಡುಕುವ ಮೊದಲು, ಇವರು ಬೆಳಿಗ್ಗೆ ಎದ್ದು ಎಲ್ಲಿ ಕೂರುತ್ತಾರೆ ಎಂದು ಯೋಚಿಸುತ್ತೇನೆ.

ಅಪ್ಪಯ್ಯ ಕೂರುವುದು ಬಚ್ಚಲ ಒಲೆಯ ಮುಂದೆ. ಹಾಗಾಗಿ ಅವನ ಟೊಪ್ಪಿಗೆ ಅಕ್ರಿಲಿಕ್ ಆಗದು. ಪೇಟೆಯಲ್ಲಿ ‘ಉಲ್ಲನ್’ ಎಂದು ಕೊಡುವ ಉಂಡೆಗಳಲ್ಲಿ ಬಹಳಷ್ಟು ಅಕ್ರಿಲಿಕ್ಕೇ. ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಕುರಿಯ ಉಣ್ಣೆ ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ, ಕರಕಾಗಿ ಅಲ್ಲೇ ಆರುತ್ತದೆ. ಅನುಮಾನವಿದ್ದರೆ ಸಣ್ಣ ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ; ಗಟ್ಟಿಯಾದ ಕಪ್ಪು ಮಣಿ ಉಳಿದರೆ ಅಕ್ರಿಲಿಕ್.

ಅಂಗಡಿಯ ಮಂಕಿ ಟೊಪ್ಪಿ ಅಪ್ಪಯ್ಯನಿಗೆ ಆಗಿಬರುವುದಿಲ್ಲ. “ತಂಗೀ, ಇದ ಹಾಕ್ಯಂಡ್ರೆ ಕೊನೆಗೌಡ ಕರದ್ದೂ ಕೇಳ್ತಿಲ್ಲೆ” ಎನ್ನುತ್ತಾನೆ (ಕೊನೆಗೌಡ ಎಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವ). ಅದಕ್ಕೇ ಕಿವಿಯ ಮೇಲೆ ಒಂದೇ ಪದರ, ಎರಡು ಕುಣಿಕೆ ಸೀದಾ, ಎರಡು ಕುಣಿಕೆ ಉಲ್ಟಾ. ಈ ಹೆಣಿಗೆ ಹಿಗ್ಗಿ ಕುಗ್ಗುತ್ತದೆ, ಬೇಡವಾದಾಗ ಮೇಲಕ್ಕೆ ಮಡಚಿಕೊಳ್ಳಬಹುದು.

ಅಳತೆಯ ಲೆಕ್ಕ ಮಾತ್ರ ಬಿಡಬೇಡಿ. ಒಂದು ಗೇಣು ಅಗಲ ಹೆಣೆದು, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಬರುತ್ತದೆಂದು ಎಣಿಸಿ. 8 ನಂಬರ್ ಕಡ್ಡಿಯಲ್ಲಿ ನನ್ನ ಕೈಗೆ 20 ಬರುತ್ತದೆ. ತಲೆಯ ಸುತ್ತಳತೆ 54 ಸೆಂ.ಮೀ. ಇದ್ದರೆ ಟೊಪ್ಪಿ 50 ಸಾಕು, ಹಿಗ್ಗಿ ಬಿಗಿಯಾಗಿ ಕೂರುತ್ತದೆ. ಅಂದರೆ 100 ಕುಣಿಕೆ, ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ. ಅಂಚು ಸೇರಿಸಿ ಹೊಲಿಯಲು ಇನ್ನೆರಡು. ವಿಡಿಯೋದವರು ಕಡ್ಡಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ನಮ್ಮಲ್ಲಿನ್ನೂ ಹಳೆಯ ಬ್ರಿಟಿಷ್ ನಂಬರು ನಡೆಯುತ್ತದೆ, ಅದರಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಪೂರ. 8 ಎಂದರೆ 4 ಮಿ.ಮೀ., 10 ಎಂದರೆ 3.25.

ಇನ್ನು ಸಮಯ. ಚಳಿ ಶುರುವಾದ ಮೇಲೆ ಹೆಣೆಯಲು ಕೂತರೆ ಅಡಿಕೆಮನೆಯಲ್ಲಿ ಆಗುವ ಕೆಲಸವಲ್ಲ. ಕೊನೆಕೊಯ್ಲು ಬಂತೆಂದರೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಕೈ ಬಿಡುವಿದ್ದರೂ ಬೆರಳಿಗೆ ಹಿಡಿದ ಅಡಿಕೆ ಕಲೆ ಬಿಳಿ ನೂಲಿಗೆ ದಾಟದೆ ಇರದು. ನನ್ನ ಹೆಣಿಗೆಯೆಲ್ಲ ಮಳೆಗಾಲದ್ದು. ಕರೆಂಟು ಹೋದರೂ ಸೀದಾ-ಉಲ್ಟಾಕ್ಕೆ ಕಣ್ಣು ಬೇಕಾಗುವುದಿಲ್ಲ. ಮುಗಿದದ್ದನ್ನು ಮಾತ್ರ ಹಾಗೇ ಪೆಟ್ಟಿಗೆಗೆ ತುಂಬಬಾರದು, ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ. ದೀಪಾವಳಿ ಹೊತ್ತಿನ ಬಿಸಿಲಿಗೆ ಒಮ್ಮೆ ಹರವಿ, ಆಮೇಲೆ ಕಟ್ಟಿಡುತ್ತೇನೆ.

ಬೆಂಗಳೂರಿನಿಂದ ಬರುವ ತಮ್ಮನ ಮಕ್ಕಳಿಗೆ ಮಫ್ಲರ್. ಬಣ್ಣ ಅವರೇ ಹೇಳುತ್ತಾರೆ, ಉದ್ದ ಅವರ ಎತ್ತರದಷ್ಟು, ಅಷ್ಟೇ. ಅತ್ತಿಗೆಯ ಕೂಸಿನ ಟೊಪ್ಪಿಗೆ ಹೆಚ್ಚು ಯೋಚನೆ ಬೇಕಾಯಿತು. ತೂತಿನ ಡಿಸೈನು ಚಂದವೇ, ಆದರೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಉದ್ದ ದಾರವಾಗಲಿ ಗುಂಡಿಯಾಗಲಿ ಇಡಲಿಲ್ಲ. ದಿನಾ ಬಕೆಟ್ಟಿನಲ್ಲಿ ಅದ್ದಿ ಹಿಂಡುವ ಬಟ್ಟೆ, ಆದ್ದರಿಂದ ಇಲ್ಲಿ ಅಕ್ರಿಲಿಕ್ಕೇ ಸೈ. ಉಣ್ಣೆಯಾದರೆ ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಮಿಂದಾದ ಮೇಲೆ ಕೆಂಡದ ಹೊಗೆ ಹಿಡಿಯುವಾಗ ಟೊಪ್ಪಿ ತೆಗೆದಿಡಲು ಆಯಿಗೆ ಹೇಳಿಯೇ ಕೊಟ್ಟೆ.

ಉಳಿದವಳು ಕಾರವಾರದ ಅಕ್ಕ. ಅವಳ ಮನೆಯಲ್ಲಿ ಡಿಸೆಂಬರಿನಲ್ಲೂ ಫ್ಯಾನು ನಿಲ್ಲುವುದಿಲ್ಲ. ಅವಳಿಗೆ ಹತ್ತಿ ನೂಲಿನ ಸಂತೆಚೀಲ ಹೆಣೆದೆ. ನೂಲು ಮುಂದೆ ತಂದು ಎರಡು ಕುಣಿಕೆ ಒಟ್ಟಿಗೆ ಹಿಡಿದು ಹೆಣೆಯುತ್ತ ಹೋದರೆ ಬಲೆಯ ಹಾಗೆ ತೂತು ತೂತಾಗಿ ಬರುತ್ತದೆ. ಹತ್ತಿ ಒಮ್ಮೆ ಜೋತರೆ ಮತ್ತೆ ಮೇಲೇಳದು, ಹೆಣೆದ ಹಿಡಿಕೆ ನಾಲ್ಕು ತೆಂಗಿನಕಾಯಿ ಭಾರಕ್ಕೇ ಮೊಳಕಾಲು ಮುಟ್ಟೀತು. ಅದಕ್ಕೆ ಹಿಡಿಕೆಯನ್ನು ಹೆಣೆಯದೆ, ನೂಲು ಒಟ್ಟುಮಾಡಿ ಮೂರೆಳೆಯ ಬಿಗಿ ಜಡೆ ಹಾಕಿ, ಚೀಲದ ತಳದವರೆಗೂ ಹೊಲಿದೆ. ಭಾರವೆಲ್ಲ ಜಡೆಯ ಮೇಲೇ ಬೀಳುತ್ತದೆ. ರವಿವಾರದ ಸಂತೆಗೆ ಭಾವನೇ ಅದನ್ನು ಒಯ್ಯುತ್ತಾನಂತೆ. ಅಕ್ಕ ತನಗೆ ಬೇರೊಂದು ಬೇಕೆಂದು ಫೋನು ಮಾಡಿದ್ದಾಳೆ, ಕಪ್ಪು ನೂಲಿನದ್ದು, ಕೊಳೆ ಕಾಣಬಾರದಂತೆ.