ಎಂಎಲ್‌ಎ ಇನ್‌ಬಾಕ್ಸು, ನನ್ನ ನೀಲಿ ನೋಟ್‌ಬುಕ್ಕು

ನಾಲ್ಕು ವರ್ಷ ನಾನು ಶಿವಮೊಗ್ಗ ಜಿಲ್ಲೆಯ ಒಬ್ರು ಶಾಸಕರ ಆಫೀಸಲ್ಲಿ ಕೆಲ್ಸ ಮಾಡಿದೀನಿ. ಏಳು ಕ್ಷೇತ್ರದಲ್ಲಿ ಯಾವ್ದು ಅಂತ ಕೇಳ್ಬೇಡಿ, ಹೇಳಲ್ಲ. ಆಪ್ತ ಸಹಾಯಕರು ಬೇರೆ ಇದ್ರು, ಫೋನು, ಪ್ರೋಗ್ರಾಮು, ವಿಧಾನಸೌಧ ಎಲ್ಲ ಅವ್ರದ್ದು. ನಾನು ಕಂಪ್ಯೂಟರ್ ಹುಡುಗ. ಸೇರಿದ ಎರಡನೇ ದಿನ ಆ ಆಪ್ತ ಸಹಾಯಕರು ಒಂದು ಚೀಟಿಲಿ ಜಿಮೇಲ್ ಪಾಸ್‌ವರ್ಡ್ ಬರ್ದು ಕೊಟ್ಟು "ಇದನ್ನೂ ಸ್ವಲ್ಪ ನೋಡ್ಕೋ ಮಾರಾಯ, ಮೇಲ್ ಹಾಕಿ ಮೂರು ತಿಂಗ್ಳಾಯ್ತು ಅಂತ ಯಾರೋ ಮದುವೆ ಮನೇಲಿ ಸಾಹೇಬ್ರಿಗೆ ಜೋರು ಮಾಡಿದ್ರಂತೆ" ಅಂದ್ರು. ಓಪನ್ ಮಾಡಿದ್ರೆ ಓದದೇ ಬಿದ್ದಿದ್ದು ಎರಡು ಸಾವಿರದ ಮೇಲಿತ್ತು.

ಅದ್ರಲ್ಲಿ ಅರ್ಧ ಜಾಹೀರಾತು, ಸೆಮಿನಾರು, ಹಬ್ಬದ ಶುಭಾಶಯ. ಉಳಿದಿದ್ದು ಹೆಚ್ಚಿನ ಪಾಲು ಬೆಂಗಳೂರಿಂದ. ಊರಲ್ಲಿ ಇರೋ ಅಪ್ಪ ಸೋಮವಾರ ಬೆಳಿಗ್ಗೆ ಬಸ್ಸು ಹತ್ಕೊಂಡು ಅರ್ಜಿನ ಪ್ಲಾಸ್ಟಿಕ್ ಕವರಲ್ಲಿ ಹಿಡ್ಕೊಂಡು ಬಂದು ಬೆಂಚ್ ಮೇಲೆ ಕೂರ್ತಾರೆ, ಅದೇ ವಿಷಯಕ್ಕೆ ಮಗ ರಾತ್ರಿ ಹನ್ನೊಂದು ಗಂಟೆಗೆ ಬೆಂಗಳೂರಿಂದ ಇಂಗ್ಲಿಷಲ್ಲಿ ಮೇಲ್ ಹಾಕಿರ್ತಾನೆ, ಇಬ್ರಿಗೂ ಒಬ್ರದ್ದು ಒಬ್ರಿಗೆ ಗೊತ್ತಿರಲ್ಲ. ಸರ್ಕಾರಿ ಜಾಗದ ಸಾಗುವಳಿ ಸಕ್ರಮಕ್ಕೆ ಹಾಕಿದ ಬಗರ್‌ಹುಕುಂ ಫಾರಂ 57 ಎಂತ ಆಯ್ತು, ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ವಾರ ಆಯ್ತು, ತೋಟಕ್ಕೆ ಎಲೆಚುಕ್ಕೆ ರೋಗ ಬಂದಿದೆ ಪರಿಹಾರ ಉಂಟಾ, ಹೆಂಡ್ತಿಗೆ ವರ್ಗಾವಣೆಗೆ ಒಂದು ಲೆಟರ್. ಊರಲ್ಲಿ ನೆಟ್‌ವರ್ಕ್ ಇಲ್ಲ ಅನ್ನೋ ಮೇಲ್ ಒಂದು ಬಂದಿತ್ತು, ಕೊನೇಲಿ "ಇದನ್ನು ಗುಡ್ಡ ಹತ್ತಿ ಕಳಿಸುತ್ತಿದ್ದೇನೆ" ಅಂತ ಬರೆದಿದ್ರು. ಅದನ್ನ ಪ್ರಿಂಟ್ ತೆಗ್ದು ಗೋಡೆಗೆ ಅಂಟಿಸಿದ್ದೆ.

ಸುಮಾರು ಮೇಲ್‌ಗಳಲ್ಲಿ ಪ್ರಧಾನಿ, ಮುಖ್ಯಮಂತ್ರಿ, ಡಿಸಿ, ಸಂಸದರು ಎಲ್ರೂ ಒಂದೇ ಸಾಲಲ್ಲಿ ಇರೋರು. ಮೂವತ್ತು ಜನಕ್ಕೆ ಹೋದ ಮೇಲ್‌ನ ಒಬ್ರೂ ನೋಡಲ್ಲ ಮಾರಾಯ್ರೆ. ನಾನೂ ನೋಡ್ತಿರ್ಲಿಲ್ಲ ಮೊದ್ಲು, ಡಿಸಿ ಆಫೀಸಲ್ಲಿ ಯಾರಾದ್ರೂ ನೋಡ್ತಾರೆ ಬಿಡು ಅಂತ. ಅವ್ರೂ ಅಲ್ಲಿ ಹಾಗೇ ಅಂದ್ಕೊಂಡಿರ್ತಾರೆ.

ಆಮೇಲೆ ಈ ನುಡಿ ಫಾಂಟ್ ಕಾಟ. ಸೈಬರ್ ಸೆಂಟರಲ್ಲಿ ಟೈಪ್ ಮಾಡ್ಸಿದ ಅರ್ಜಿನ ವರ್ಡ್ ಫೈಲಲ್ಲೇ ಕಳಿಸ್ತಾರೆ, ಯೂನಿಕೋಡ್ ಅಲ್ಲದ ಹಳೇ ನುಡಿ, ಮೊಬೈಲಲ್ಲಿ ತೆಗೆದ್ರೆ ಎರಡು ಪುಟ ತುಂಬ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಒಂದ್ಸಲ ಸಾಹೇಬ್ರು ಫೋನ್ ನನ್ ಕಡೆ ತಿರುಗ್ಸಿ "ಇದು ಯಾವ ಭಾಷೆ ಮಾರಾಯ" ಅಂದ್ರು. ಆಫೀಸಿನ ಸಿಸ್ಟಂನಲ್ಲಿ ಫಾಂಟ್ ಹಾಕಿ ತೆಗ್ದಾಗ ಗೊತ್ತಾಯ್ತು, ಒಬ್ರು ಅಜ್ಜಿದು ಸಂಧ್ಯಾ ಸುರಕ್ಷಾ ಪಿಂಚಣಿ ನಿಂತು ಹೋಗಿದ್ದು.

ಹೊಸನಗರದವ್ರದ್ದು ಇನ್ನೊಂದು ಕಥೆ. 2008ರ ಮರುವಿಂಗಡಣೆಲಿ ಹೊಸನಗರ ಕ್ಷೇತ್ರನೇ ಇಲ್ಲ ಆಯ್ತಲ್ಲ, ತಾಲ್ಲೂಕು ಒಂದಷ್ಟು ಸಾಗರಕ್ಕೆ, ಒಂದಷ್ಟು ತೀರ್ಥಹಳ್ಳಿಗೆ. ತಮ್ಮ ಎಂಎಲ್‌ಎ ಯಾರು ಅನ್ನೋದೇ ಅವ್ರಲ್ಲಿ ಕೆಲವ್ರಿಗೆ ಡೌಟು, ಸಿಕ್ಕಿದ ಐಡಿಗೆ ಹಾಕ್ತಾರೆ. ಮೇಲಲ್ಲಿ ಊರಿನ ಹೆಸ್ರೂ ಇಲ್ಲ, "ನಮ್ಮ ಊರಿನ ರಸ್ತೆ" ಅಂತ ಅಷ್ಟೇ. ಯಾವ ಊರು? ಆ ರಸ್ತೆ ಲೋಕೋಪಯೋಗಿದಾ, ಪಂಚಾಯತ್ ರಾಜ್ ಇಂಜಿನಿಯರಿಂಗ್‌ದಾ, ಅರಣ್ಯದ ಒಳಗಾ, ಇದು ಗೊತ್ತಾಗದೆ ಯಾರಿಗೆ ಕಳಿಸೋದು.

ಈಗ ನನ್ನ ತಪ್ಪು ಹೇಳ್ತೀನಿ. ಒಬ್ರು ಮೇ ತಿಂಗ್ಳಲ್ಲಿ ಕಾಲುಸಂಕದ ಬಗ್ಗೆ ಹಾಕಿದ್ರು. ಹಳ್ಳಕ್ಕೆ ಅಡಿಕೆ ಮರ ಎರಡು ಹಾಸಿ ಬಿದಿರು ಕಟ್ಟಿದ ಸಂಕ, ಮಕ್ಕಳು ಶಾಲೆಗೆ ಹೋಗೋದು ಅದ್ರ ಮೇಲೇ. ಫೋಟೋ ಇತ್ತು, ಒಂದು ಕಡೆ ಮರ ಕುಂಬಾಗಿದ್ದು ಚೆನ್ನಾಗೇ ಕಾಣ್ತಿತ್ತು. ನಾನು ಇಂಜಿನಿಯರ್ ಆಫೀಸಿನ ಐಡಿಗೆ ಫಾರ್ವರ್ಡ್ ಮಾಡಿ "ತಮ್ಮ ಮನವಿಯನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ" ಅಂತ ಉತ್ತರ ಹಾಕಿ ಆರಾಮಾಗಿ ಕೂತೆ. ಒಳ್ಳೇ ಕೆಲ್ಸ ಮಾಡ್ದೆ ಅಂತ್ಲೇ ಅಂದ್ಕೊಂಡಿದ್ದೆ. ಜುಲೈಲಿ ಆ ವ್ಯಕ್ತಿ ಫೋನ್ ಮಾಡಿ, ಬೈಲಿಲ್ಲ ಅವ್ರು, ಸಂಕ ಹೋಯ್ತು, ಮಕ್ಕಳು ನಾಲ್ಕು ಕಿಲೋಮೀಟರ್ ಸುತ್ತಿ ಹೋಗ್ತಿದಾರೆ, ಇಲಾಖೆಯವ್ರು ಎಂತ ಹೇಳಿದ್ರು ಅಂತ ಕೇಳಿದ್ರು. ನನ್ ಹತ್ರ ಉತ್ರ ಇಲ್ಲ. ಆ ಆಫೀಸಿಗೆ ಹೋಗಿ ಕೇಳ್ದೆ, ಆ ಐಡಿ ತೆಗೆಯೋ ಡಾಟಾ ಎಂಟ್ರಿ ಹುಡುಗಿ ಕೆಲ್ಸ ಬಿಟ್ಟು ಆಗ್ಲೇ ಎಷ್ಟೋ ತಿಂಗ್ಳಾಗಿತ್ತು. ಕೇಸ್ ವರ್ಕರ್ ಕನ್ನಡಕ ಮೇಲೆ ಮಾಡಿ "ಇನ್‌ವರ್ಡ್ ನಂಬರ್ ಎಷ್ಟು?" ಅಂದ್ರು. ಅದು ಕಾಗದದ ಅರ್ಜಿ ಬಂದಾಗ ರಿಜಿಸ್ಟರಲ್ಲಿ ಹಾಕೋ ನಂಬರು, ಮೇಲಿಗೆ ಎಲ್ಲಿಂದ ಬರ್ಬೇಕು!

ಅವತ್ತು ಸಂಜೆ ಒಂದು ನೀಲಿ ರಟ್ಟಿನ ನೋಟ್‌ಬುಕ್ ತಗೊಂಡೆ. ಬಂದ ಮೇಲಲ್ಲಿ ಕೆಲ್ಸದ್ದು ಅನ್ನಿಸಿದ್ದನ್ನ ಪ್ರಿಂಟ್ ತೆಗೆಯೋದು, ಊರು, ಹೋಬಳಿ, ಸರ್ವೆ ನಂಬರ್ ಇಲ್ದಿದ್ರೆ ವಾಪಸ್ ಮೇಲ್ ಹಾಕಿ ಕೇಳೋದು, ಗುರುವಾರ ಸಾಹೇಬ್ರು ಕ್ಷೇತ್ರದಲ್ಲಿದ್ರೆ ಕಾಫಿ ಕುಡಿಯೋ ಹೊತ್ತಿಗೆ ಮುಂದಿಟ್ಟು ಷರಾ (ಅಧಿಕಾರಿಗಳಿಗೆ ಒಂದು ಸಾಲಿನ ಸೂಚನೆ) ಬರ್ಸೋದು, ಆಮೇಲೆ ನಾನೇ ಬೈಕಲ್ಲಿ ಹೋಗಿ ಟಪಾಲು ಸೆಕ್ಷನ್‌ಗೆ ಕೊಟ್ಟು ಸೀಲು, ನಂಬರು ಹಾಕ್ಸಿ ಆ ನಂಬರನ್ನ ಮೇಲ್ ಹಾಕಿದವ್ರಿಗೆ ಕಳಿಸೋದು. ಇದು ಹಿಂದಕ್ಕೆ ಹೋದಂಗಲ್ವಾ ಅಂತ ಫ್ರೆಂಡ್ಸ್ ನಗೋರು, ಹೌದು, ಹಿಂದಕ್ಕೇ. ಆದ್ರೆ ನಂಬರ್ ಕೈಗೆ ಸಿಕ್ಕಿದ್ರೆ ಆ ಮನುಷ್ಯ ನಾಳೆ ನೇರ ಆಫೀಸಿಗೆ ಹೋಗಿ ಕೇಳ್ಬಹುದು, ಬೇಕಂದ್ರೆ ಮಾಹಿತಿ ಹಕ್ಕಲ್ಲಿ ಹಾಕ್ಬಹುದು, ಮೂವತ್ತು ದಿನದಲ್ಲಿ ಅವ್ರು ಉತ್ರ ಕೊಡ್ಲೇಬೇಕು. ನನ್ನ "ಕಳುಹಿಸಲಾಗಿದೆ" ಇಟ್ಕೊಂಡು ಏನು ಮಾಡ್ತಾರೆ.

ಷರಾದಲ್ಲೂ ಒಂದು ಸೂಕ್ಷ್ಮ ಇದೆ. "ನಿಯಮಾನುಸಾರ ಕ್ರಮ ಕೈಗೊಳ್ಳಿ" ಅಂದ್ರೆ ಅಧಿಕಾರಿಗಳು ಓದೋದು "ನಿಮ್ಮಿಷ್ಟ" ಅಂತ. "ಸ್ಥಳ ಪರಿಶೀಲಿಸಿ 15 ದಿನದೊಳಗೆ ವರದಿ ಕೊಡಿ" ಅಂತ ಇದ್ರೆ ಜೀಪು ಹೊರಡತ್ತೆ. ನಾನು ಪ್ರಿಂಟಿನ ಮೇಲೆ ಪೆನ್ಸಿಲಲ್ಲಿ ಚಿಕ್ಕದಾಗಿ ಯಾವ್ದು ಬೇಕು ಅಂತ ಬರ್ದಿಡ್ತಿದ್ದೆ, ಸಾಹೇಬ್ರಿಗೆ ಗೊತ್ತಿತ್ತು, ಕೆಲವು ಸಲ ಒಪ್ಪೋರು, ಕೆಲವು ಸಲ "ಇದು ಅಣ್ಣ ತಮ್ಮನ ಜಗಳ, ನಾವು ಕೈ ಹಾಕೋದು ಬೇಡ" ಅಂತ ಪಕ್ಕಕ್ಕಿಡೋರು. ನೂರಕ್ಕೆ ತೊಂಬತ್ತು ಸಲ ಅವ್ರು ಹೇಳಿದ್ದೇ ಸರಿ ಇರ್ತಿತ್ತು.

ಎಲ್ಲಾ ಮೇಲೂ ಎಂಎಲ್‌ಎ ಹತ್ರ ಬರೋ ಅಗತ್ಯನೇ ಇರಲ್ಲ, ಅದು ಬೇರೆ ಮಾತು. ಬೀದಿ ದೀಪಕ್ಕೆ ಪಂಚಾಯ್ತಿ ಪಿಡಿಓ ಇದಾರೆ, ಕರೆಂಟಿಗೆ 1912, ಜಾತಿ ಆದಾಯ ಸರ್ಟಿಫಿಕೇಟಿಗೆ ಸಕಾಲ ಯೋಜನೆಲಿ ಅರ್ಜಿಗೆ ಕೊಡೋ ನಂಬರ್ ಇಟ್ಕೊಂಡ್ರೆ ಸಾಕು. ನಾನು ಎರಡು ಸಾಲಲ್ಲಿ ಅದನ್ನೇ ಬರ್ದು ಅವತ್ತೇ ಕಳಿಸ್ತಿದ್ದೆ. ಕೆಲವ್ರಿಗೆ ಸಿಟ್ಟು ಬರೋದು, ವೋಟು ಹಾಕಿದ್ದು ಯಾರಿಗೆ ಅಂತ. ಬರ್ಲಿ. ಆರು ತಿಂಗ್ಳು ಸುಮ್ನೆ ಕಾಯ್ಸೋದಕ್ಕಿಂತ ಅದೇ ವಾಸಿ.

ಕಾಲುಸಂಕ ಅಂತೂ ಆಯ್ತು, ಆ ವರ್ಷ ಅಲ್ಲ. ಶಾಸಕರ ನಿಧಿ ವರ್ಷಕ್ಕೆ ಎರಡು ಕೋಟಿ ಅಂದ್ರೆ ಕೇಳೋಕೆ ದೊಡ್ದು, ಇಲ್ಲಿ ಒಂದೊಂದು ಪಂಚಾಯ್ತಿಲೂ ಹಳ್ಳ, ಸಂಕ, ರಸ್ತೆ, ಎಲ್ರೂ ಅದ್ರಲ್ಲೇ ಕೇಳೋದು. ಶಾಸಕರು ಶಿಫಾರಸು ಮಾಡ್ಬೇಕು, ಡಿಸಿ ಮಂಜೂರಾತಿ ಕೊಡ್ಬೇಕು, ಎಸ್ಟಿಮೇಟು, ಅಷ್ಟರಲ್ಲಿ ಮಳೆ ಹಿಡೀತು ಅಂದ್ರೆ ದೀಪಾವಳಿವರೆಗೆ ಹಳ್ಳಕ್ಕೆ ಇಳಿಯೋಕಾಗಲ್ಲ. ಮುಂದಿನ ಬೇಸಿಗೇಲಿ ಕಾಂಕ್ರೀಟ್ ಹಾಕಿದ್ರು. ಆ ಮೇಲ್ ಹಾಕಿದವ್ರು ಫೋಟೋ ಕಳಿಸಿದ್ರು, ಕೆಳಗೆ ಒಂದೇ ಸಾಲು: "ಪಕ್ಕಕ್ಕೆ ಹಿಡ್ಕೊಳ್ಳೋ ಕಂಬಿ ಹಾಕಿಲ್ಲ, ಇದಕ್ಕೆ ಬೇರೆ ಮೇಲ್ ಹಾಕಬೇಕಾ?"

ಪ್ರಿಂಟ್ ತೆಗ್ದೆ. ನೋಟ್‌ಬುಕ್ಕಲ್ಲಿ ಹೊಸ ನಂಬರ್ ಹಾಕ್ದೆ.